ಶೋಗನ್ ಪಾರ್ಟು

“ತಪ್ಪು ನನ್ನ ಮಗನದೇ. ಶಿಕ್ಷೆಗೆ ನನ್ನ ಒಪ್ಪಿಗೆಯಿದೆ.”

ಕದಿರೇಶ ಇದನ್ನು ಗರ್ಜಿಸಿದ ರಭಸಕ್ಕೆ ಸೀಮೆಹಸು ಬೆಚ್ಚಿ ಕಾಲು ಝಾಡಿಸಿತು. ಗಂಗಾಲಕ್ಷ್ಮಿ ಬಕೆಟ್ಟನ್ನು ಎದೆಗವಚಿಕೊಂಡು ಹಿಂದಕ್ಕೆ ಸರಿಯದೆ ಹೋಗಿದ್ದರೆ ಬೆಳಗಿನ ಹಾಲೆಲ್ಲ ಕೊಟ್ಟಿಗೆಯ ನೆಲದ ಪಾಲಾಗುತ್ತಿತ್ತು. ಅವನಿಗೆ ಅದರ ಪರಿವೆಯೇ ಇಲ್ಲ. ಅವಳ ಹಳೇ ರೇಷ್ಮೆ ಸೀರೆಯನ್ನು ನಿಲುವಂಗಿಯ ಹಾಗೆ ಹೆಗಲಿಗೆ ಹೊದ್ದು, ಹಿಪ್ಪುನೇರಳೆ ಕಡ್ಡಿಯನ್ನು ಕತ್ತಿಯ ಹಾಗೆ ಹಿಡಿದು, ಗೋದಲಿಯ ಮುಂದೆ ಎದೆಯುಬ್ಬಿಸಿ ನಿಂತಿದ್ದ.

“ಡೈರಿಗೆ ಏನ್ ಹಾಕ್ಲಿ ಇವತ್ತು, ನಿನ್ ಡೈಲಾಗ್ ಹಾಕ್ಲಾ?” ಎಂದಳು ಗಂಗಾಲಕ್ಷ್ಮಿ.

“ಸುಮ್ನಿರೇ. ಪುಸ್ತಕ ಇಲ್ದಂಗೆ ಒಪ್ಪಿಸ್ಬೇಕು ಅಂದವ್ರೆ ಮಾಸ್ಟ್ರು. ನಿಂಗೊಂದು ಹಾಲಿನ ಚಿಂತೆ.”

ಕದಿರೇಶ ಮಾಲೂರು ಕಡೆಯ ಒಂದು ಜಪಾನಿ ಫ್ಯಾಕ್ಟರಿಯಲ್ಲಿ ತಗಡು ಒತ್ತುವ ಪ್ರೆಸ್ ಮಷೀನುಗಳ ಲೈನ್ ಲೀಡರ್. ಅವನ ಊರಾದ ಹೋಳೂರಿನ ಇಪ್ಪತ್ತು ಮನೆಯ ಹುಡುಗರು ಅವನ ಹಿಂದೆಯೇ ಕಂಪನಿ ಬಸ್ಸು ಹತ್ತುತ್ತಾರೆ. ಎಲ್ಲರೂ ಕಾಂಟ್ರಾಕ್ಟಿನವರು, ಎಲ್ಲರಿಗೂ ಕೆಲಸ ಕೊಡಿಸಿದ್ದು ಪ್ರೊಡಕ್ಷನ್ ಮ್ಯಾನೇಜರ್ ಕಾಂತರಾಜ್. ಈ ಸಲದ ವಾರ್ಷಿಕೋತ್ಸವಕ್ಕೆ ಜಪಾನಿನಿಂದ ದೊಡ್ಡ ಸಾಹೇಬರು ಬರುತ್ತಾರೆ ಎಂದು ಗೊತ್ತಾದದ್ದೇ ತಡ, ಅವರದೇ ಚರಿತ್ರೆಯ ನಾಟಕವನ್ನು ಅವರಿಗೇ ಆಡಿ ತೋರಿಸಿದರೆ ಸಾಹೇಬರು ಮೂಗಿನ ಮೇಲೆ ಬೆರಳಿಡುತ್ತಾರೆ ಎಂದು ಕಾಂತರಾಜನಿಗೆ ಹೊಳೆಯಿತು. ಹೊಳೆದದ್ದು ಅವನಿಗೆ, ಬೆವರು ಸುರಿಸುವ ಕೆಲಸ ಹೋಳೂರಿನವರಿಗೆ. ನಾಟಕ ಅಂದರೆ ಹೋಳೂರು, ಹೋಳೂರು ಅಂದರೆ ಕೊಂಡಪ್ಪ ಮಾಸ್ಟ್ರು.

ಸುತ್ತಲ ಊರುಗಳಿಗೆಲ್ಲ ಪೌರಾಣಿಕ ನಾಟಕ ಕಲಿಸಿ ತಲೆ ನರೆತಿದ್ದ ಕೊಂಡಪ್ಪ ಮಾಸ್ಟ್ರಿಗೆ ಶೋಗನ್ ಎಂದರೆ ಊರೋ ಮನುಷ್ಯನೋ ಗೊತ್ತಿರಲಿಲ್ಲ. ಹುಡುಗರು ಮೊಬೈಲಿನಲ್ಲಿ ಓದಿ ಹೇಳಿದರು. ಇಯೆಯಾಸು ಎಂಬ ದೊರೆ. ಚಿಕ್ಕಂದಿನಲ್ಲೇ ಪರರ ಮನೆಯಲ್ಲಿ ಒತ್ತೆಯಾಳಾಗಿ ಬೆಳೆದವನು. ದೊಡ್ಡವನಾದ ಮೇಲೆ ತನಗಿಂತ ಬಲವಾದ ಇನ್ನೊಬ್ಬ ದೊರೆಯ ಸ್ನೇಹ ಕಟ್ಟಿಕೊಂಡ. ಆ ಬಲವಾದ ದೊರೆಗೆ ಇವನ ಹೆಂಡತಿ ಮಗನ ಮೇಲೆ ಅನುಮಾನ ಬಂತು. ಇವನೇ ಹೆಂಡತಿಯನ್ನು ಕೊಲ್ಲಿಸಿದ. ಹಿರಿಮಗನಿಗೆ ತಾನೇ ಹೊಟ್ಟೆ ಬಗೆದುಕೊಂಡು ಸಾಯಲು ಅಪ್ಪಣೆಯಾಯಿತು. ಸ್ನೇಹ ಉಳಿಯಿತು, ಮನೆತನ ಉಳಿಯಿತು, ಮುಂದೊಂದು ದಿನ ಅವನೇ ಶೋಗನ್ ಆಗಿ ದೇಶವನ್ನೆಲ್ಲ ಆಳಿದ. ಮಾಸ್ಟ್ರು ಕಣ್ಣು ಮುಚ್ಚಿ ಕೇಳಿ, “ಚಾಲು ಚಾಲು, ಅಷ್ಟು ಸಾಕು. ಪದ್ಯಾಲು ನಾನು ಕಟ್ತೀನಿ,” ಎಂದುಬಿಟ್ಟರು. ಕೋಲಾರದ ಡ್ರಾಮಾ ಸೀನರಿಯವರ ಹತ್ತಿರ ಜಪಾನಿನ ಉಡುಪು ಇರಲಿಲ್ಲವಾಗಿ ಶೋಗನ್ನಿಗೆ ದುರ್ಯೋಧನನ ಕಿರೀಟವೇ ಗಟ್ಟಿಯಾಯಿತು. ಗದೆಯೂ ಇರಲಿ ಎಂದು ಮಾಸ್ಟ್ರು ಹಟ ಹಿಡಿದಿದ್ದರು. ಕತ್ತಿ ಸಾಕು ಎಂದು ಹುಡುಗರು ಬೇಡಿಕೊಂಡ ಮೇಲೆ ಬಿಟ್ಟರು.

ಮಾಸ್ಟ್ರಿಗೆ ಒಂದೇ ಒಂದು ಕಾನೂನು. ಜನ ‘ಒನ್ಸ್ ಮೋರ್’ ಎಂದರೆ ಮತ್ತೆ ಹೇಳಲೇಬೇಕು. ಮಾತಾದರೆ ಮಾತು, ಪದ್ಯವಾದರೆ ಪದ್ಯ. ಸತ್ತು ಬಿದ್ದ ದುರ್ಯೋಧನನಾದರೂ ಎದ್ದು, ಕೈಮುಗಿದು, ಹಾಡಿ, ಮತ್ತೆ ಸಾಯಬೇಕು. ಕೇಳಿದವರಿಗೆ ಇಲ್ಲ ಎನ್ನುವವನು ಪಾರ್ಟುದಾರನೇ ಅಲ್ಲ. ಕದಿರೇಶ ಒಮ್ಮೆ ಕರ್ಣನ ಪಾರ್ಟಿನಲ್ಲಿ ಕೈಮುಗಿದು ಬೇಡಿದರೂ ಜನ ಬಿಡದಷ್ಟು ಒನ್ಸ್ ಮೋರ್ ಗಿಟ್ಟಿಸಿದ್ದ. ಆ ಮಾತು ಅವನ ಬಾಯಲ್ಲಿ ಇವತ್ತಿಗೂ ಹಳಸಿಲ್ಲ. ಆಗೆಲ್ಲ ಪ್ರತಿ ಒನ್ಸ್ ಮೋರ್ ಹಿಂದೆ ಎರಡು ಬೆರಳು ಬಾಯಿಗಿಟ್ಟು ಊರಿನ ಹುಡುಗ ರಾಮು ಹೊಡೆಯುತ್ತಿದ್ದ ಸಿಳ್ಳೆ ಕೆರೆಯಾಚೆಗೂ ಕೇಳುತ್ತಿತ್ತು.

ರಾಮುವಿನ ಆ ಎರಡು ಬೆರಳು ಈಗಿಲ್ಲ.

ಅದು ಮಾವಿನ ಸುಗ್ಗಿಯ ಕಾಲದಲ್ಲಿ ನಡೆದದ್ದು. ಕೈ ಒಳಗೆ ಹೋದರೆ ಪ್ರೆಸ್ ಮಷೀನು ತಾನಾಗಿಯೇ ನಿಲ್ಲಲೆಂದು ಅದಕ್ಕೊಂದು ಸೆನ್ಸರ್ ಇರುತ್ತದೆ. ಆ ಸೆನ್ಸರಿಗೆ ಯಾರೋ ಟೇಪು ಅಂಟಿಸಿ ಕುರುಡು ಮಾಡಿದ್ದರು. ಮಷೀನಿನ ಗುಂಡಿ ಒತ್ತುತ್ತಿದ್ದವನು ಕದಿರೇಶನ ಮಗ ನಂದೀಶ್. ತಗಡು ಇಡುತ್ತಿದ್ದವನು ರಾಮು. ಟೇಪು ಅಂಟಿಸಿದ್ದು ನಂದೀಶನೇ ಎಂದು ಎನ್‌ಕ್ವಯರಿಯಲ್ಲಿ ತೀರ್ಮಾನವಾಗಿ ಅವನನ್ನು ಕೆಲಸದಿಂದ ತೆಗೆದರು. ಕದಿರೇಶ ಮನೆಗೆ ಬಂದು, “ನನ್ ಕೈಲಿ ಏನೂ ಆಗ್ಲಿಲ್ಲ ಕಣೇ,” ಎಂದು ತಲೆಯ ಮೇಲೆ ಕೈಹೊತ್ತು ಕೂತಿದ್ದ. ಗಂಗಾಲಕ್ಷ್ಮಿ ನಂಬಿದಳು. ನಂಬಿದ್ದಷ್ಟೇ ಅಲ್ಲ, ಮಗನ ರಟ್ಟೆ ಹಿಡಿದು ರಾಮುವಿನ ಮನೆಗೆ ಎಳೆದುಕೊಂಡು ಹೋಗಿ, ಅವನ ತಾಯಿ ಮುನಿಶಾಮಮ್ಮನ ಎದುರಿಗೇ ಕೆನ್ನೆಗೆ ಬಾರಿಸಿದ್ದಳು. ಇಪ್ಪತ್ತೊಂದು ವರ್ಷದ ಮಗ ತುಟಿ ಪಿಟಕ್ಕೆನ್ನದೆ ಏಟು ತಿಂದು, ಮುನಿಶಾಮಮ್ಮನ ಕಾಲು ಮುಟ್ಟಿ, ಮಾರನೆಯ ದಿನವೇ ಮಾಲೂರಿನ ಇಟ್ಟಿಗೆ ಗೂಡಿಗೆ ಲೋಡು ತುಂಬುವ ಕೆಲಸಕ್ಕೆ ಹೊರಟುಹೋದ. ಆವತ್ತಿನಿಂದ ಮುನಿಶಾಮಮ್ಮ ಇವರ ಮನೆಯ ಹಾಲು ನಿಲ್ಲಿಸಿದಳು. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾಳೆ. ಊರವರ ಬಾಯಲ್ಲಿ ನಂದೀಶ ‘ಬೆರಳು ಕತ್ತರಿಸಿದೋನು’ ಆಗಿಹೋದ.

ಬಕೆಟ್ಟು ಕೆಳಗಿಟ್ಟು ಗಂಗಾಲಕ್ಷ್ಮಿ ಗಂಡನತ್ತ ತಿರುಗಿದಳು. ದಿನಾ ಕೇಳಿ ಕೇಳಿ ಆ ಮಾತು ಅವಳಿಗೂ ಬಾಯಿಪಾಠವಾಗಿತ್ತು. ಆದರೂ ಇವತ್ತು ಯಾಕೋ ಕೇಳಬೇಕೆನ್ನಿಸಿತು.

“ಅಲ್ಲಾ, ಆ ಹುಡುಗ ನಿಜವಾಗ್ಲೂ ತಪ್ಪು ಮಾಡಿದ್ನಾ?”

“ಯಾವ್ ಹುಡುಗ?”

“ನಿನ್ ಶೋಗನ್ ಮಗ.”

ಕದಿರೇಶನಿಗೆ ಖುಷಿಯಾಯಿತು. ಕೊನೆಗೂ ಹೆಂಡತಿ ಪಾರ್ಟಿನ ಬಗ್ಗೆ ಆಸೆಪಟ್ಟು ಕೇಳುತ್ತಿದ್ದಾಳೆ. “ಅದು ಯಾರಿಗ್ ಗೊತ್ತು. ಮಾಡಿದ್ದ ಅಂತಾನೂ ಹೇಳ್ತಾರೆ, ಇಲ್ಲ ಅಂತಾನೂ ಹೇಳ್ತಾರೆ. ಮಾಡಿದ್ನೋ ಬಿಟ್ನೋ ಅನ್ನೋದಲ್ಲ ಪಾಯಿಂಟು.”

“ಶೋಗನ್ ಹೆಂಡ್ತಿ ಏನಂದ್ಳು?”

“ಅವಳನ್ನ ಮೊದ್ಲೇ ಕೊಲ್ಲಿಸ್ಬಿಡ್ತಾನಲ್ಲ. ನಮ್ ನಾಟಕದಾಗೆ ಅವಳ ಪಾರ್ಟೇ ಇಲ್ಲ, ಮಾಸ್ಟ್ರು ತೆಗ್ದಾಕಿದ್ರು. ಹೆಂಗ್ಸು ಸ್ಟೇಜ್ ಮೇಲೆ ಬಂದ್ರೆ ಅಳ್ತಾಳೆ, ಶಾಪ ಹಾಕ್ತಾಳೆ, ಶೋಗನ್ ಚಿಕ್ಕೋನಾಗಿ ಕಾಣ್ತಾನೆ ಅಂದ್ರು.”

“ಅಂಗಾದ್ರೆ ಹೆತ್ತೋಳಿಗೆ ಒಂದು ಮಾತೂ ಇಲ್ಲ.”

“ನಿಂಗರ್ಥ ಆಗಲ್ಲ ಕಣೇ ಅದು. ಅವನೇನು ಸಂತೋಷವಾಗಿ ಹೇಳಿದ್ನಾ? ಒಳಗೊಳಗೇ ಅತ್ತವ್ನೆ. ದೊಡ್ಡೋರ ಮುಂದೆ ನಿಂತಾಗ ಒಂದು ಮಾತು ಆಚೀಚೆ ಆದ್ರೆ ಎಲ್ಲಾ ಹೋಯ್ತದೆ. ಒಬ್ಬನ್ನ ಬಿಟ್ಕೊಟ್ರೆ ಉಳಿದೋರೆಲ್ಲಾ ಬದುಕ್ತಾರೆ. ಅವತ್ತು ಆ ಮಾತು ಹೇಳ್ದೆ ಇದ್ದಿದ್ರೆ ಇಪ್ಪತ್ತು ಮನೆ ಒಲೆ ಆರಿಹೋಗೋದು.”

ಗಂಗಾಲಕ್ಷ್ಮಿ ಹಸುವಿನ ಕಾಲಿನ ಹಗ್ಗ ಬಿಚ್ಚುತ್ತಿದ್ದವಳು ಹಾಗೇ ನಿಂತಳು.

“ಜಪಾನ್ ರಾಜನಿಗೆ ಯಾವ್ ಇಪ್ಪತ್ತು ಮನೆ?”

ಕದಿರೇಶ ಹಿಪ್ಪುನೇರಳೆ ಕಡ್ಡಿಯನ್ನು ನೆಲಕ್ಕೆ ಕುಟ್ಟಿ ನೋಡಿದ. ಆಮೇಲೆ ಹೆಗಲ ಮೇಲಿನ ಸೀರೆಯನ್ನು ತೆಗೆದು, ಎಂದೂ ಇಲ್ಲದವನು ನೀಟಾಗಿ ಮಡಚತೊಡಗಿದ. “ಬಸ್ಸಿಗೆ ಹೊತ್ತಾಯ್ತು,” ಎಂದು ಮಡಿಕೆಯನ್ನು ಅವಳ ಕೈಗೂ ಕೊಡದೆ ಗೋದಲಿಯ ಮೇಲಿಟ್ಟು ಹೊರಟುಹೋದ.

ಅವಳು ಹಾಲನ್ನು ಡೈರಿಗೆ ಹಾಕಿದವಳು ಮನೆಗೆ ಬಂದು ಒಲೆ ಹಚ್ಚಲಿಲ್ಲ. ಕೋಲಾರಕ್ಕೊಂದು ಬಸ್ಸು, ಅಲ್ಲಿಂದ ಮಾಲೂರಿಗೊಂದು ಬಸ್ಸು ಹಿಡಿದು ಇಟ್ಟಿಗೆ ಗೂಡಿನ ಹತ್ತಿರ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ನಂದೀಶ ಲಾರಿಯ ಮೇಲಿದ್ದ. ಕೆಳಗಿನವರು ಎಸೆಯುವ ಇಟ್ಟಿಗೆಗಳನ್ನು ಜೋಡಿಯಾಗಿ ಹಿಡಿದು ಪೇರಿಸುತ್ತಿದ್ದ. ತಲೆ, ಹುಬ್ಬು, ರೆಪ್ಪೆಯೆಲ್ಲ ಕೆಂಪು ಧೂಳು. ಅಮ್ಮನನ್ನು ಕಂಡು ಇಳಿದು ಬಂದ. ಊಟ ಆಯ್ತಾ ಎಂದು ಅವಳು ಕೇಳಲಿಲ್ಲ. ಬಂದ ವೇಗದಲ್ಲೇ ಕೇಳಿದಳು.

“ಟೇಪು ಅಂಟ್ಸಿದ್ದು ಯಾರು?”

“ಅದು ಈಗ ಯಾಕಮ್ಮ.”

“ನಾನ್ ನಿನ್ ಕೆನ್ನೆಗೆ ಹೊಡ್ದಿದೀನಿ ಕಣೋ. ಊರೆಲ್ಲಾ ನೋಡೋಂಗೆ ಹೊಡ್ದಿದೀನಿ. ಹೇಳು.”

ನಂದೀಶ ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸಿದಷ್ಟೂ ಕೆಂಪು ಹರಡಿತು. “ನಾಯ್ನ ಅಂಟ್ಸಿದ್ರು,” ಎಂದ. ಅಪ್ಪನನ್ನು ನಾಯ್ನ ಎಂದೇ ಕರೆದು ಬೆಳೆದ ಮಗ. “ಲೈನು ನಿಧಾನ ಆಗ್ತಾ ಐತೆ, ಟೇಪ್ ಹೊಡೀರಿ ಅಂತ ಕಾಂತರಾಜ್ ಸಾರ್ ಹೇಳಿದ್ರು. ಹಿಂದಿನ ಶಿಫ್ಟಲ್ಲೇ ನಾಯ್ನ ಅಂಟ್ಸಿದ್ರು. ನಂಗೂ ಗೊತ್ತಿರ್ಲಿಲ್ಲ, ರಾಮುಗೂ ಗೊತ್ತಿರ್ಲಿಲ್ಲ. ಎನ್‌ಕ್ವಯರಿ ರೂಮಲ್ಲಿ ಎಲ್ಲಾ ಕೂತಿದ್ರು. ಜಪಾನಿನ ಸಾಹೇಬರೊಬ್ರು, ಕಾಂತರಾಜ್ ಸಾರು. ಯಾರ್ದು ತಪ್ಪು ಅಂತ ಕೇಳಿದ್ರು. ನಾಯ್ನ ಎದ್ದು ನಿಂತ್ಕೊಂಡು, ತಪ್ಪು ನನ್ ಮಗಂದೇ ಸಾರ್ ಅಂದ್ರು.”

“ನೀನು?”

“ಹಿಂದಿನ ದಿನಾನೇ ಹೇಳಿದ್ರು, ನಿಂಗೆ ಚಿಕ್ಕ ವಯಸ್ಸು, ಎಲ್ಲಾದ್ರೂ ಬದುಕ್ತೀಯ, ಬಾಯಿ ಬಿಡ್ಬೇಡ ಅಂತ. ಅಪ್ಪನೇ ಹಂಗಂದ್ಮೇಲೆ ನಾನ್ ಏನಂದ್ರೂ ಯಾರು ನಂಬ್ತಾರಮ್ಮ. ರಾಮೂನೇ ನಂಬ್ಬಿಟ್ಟ.”

ಲಾರಿಯ ಮೇಲಿಂದ ಯಾರೋ ಕೂಗಿದರು. ಅವನು ಹೋಗಿ ಮತ್ತೆ ಹತ್ತಿದ. ಗಂಗಾಲಕ್ಷ್ಮಿ ಅಲ್ಲೇ ನಿಂತು, ಒಂದರ ಮೇಲೊಂದು ಬಂದು ಬೀಳುವ ಇಟ್ಟಿಗೆಗಳನ್ನು ಮಗ ಹಿಡಿಯುವುದನ್ನು ನೋಡಿದಳು. ಮಗನ ಮೇಲೆ ಎತ್ತಿದ್ದ ಕೈಯನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ. ಅದನ್ನು ಎತ್ತಿಸಿದವನೋ ದಿನಾ ಬೆಳಿಗ್ಗೆ ತನ್ನ ಕೊಟ್ಟಿಗೆಯಲ್ಲೇ ನಿಂತು, ಅದೇ ಮಾತನ್ನು ರಾಗವಾಗಿ ಅಭ್ಯಾಸ ಮಾಡುತ್ತಿದ್ದಾನೆ.

ಸಂಜೆ ಕದಿರೇಶ ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು.

“ಮಾಲೂರಿಗೆ ಹೋಗಿದ್ದೆ,” ಎಂದಳು.

ಅವನಿಗೆ ಅಷ್ಟೇ ಸಾಕಾಯಿತು. ಚೀಲವನ್ನು ಮೊಳೆಗೆ ತಗುಲಿಸಿ ಜಗಲಿಯ ಮೇಲೆ ಕುಕ್ಕರಿಸಿದ. “ನಾನೇನ್ ಮಾಡ್ಲಿ ಹೇಳು. ಕಾಂತರಾಜ್ ಹೆಸರು ಹೇಳಿದ್ರೆ ಇಪ್ಪತ್ತು ಹುಡುಗ್ರೂ ಮನೇಗ್ ಬರೋರು. ನನ್ ಹೆಸರೇ ಹೇಳ್ಕೊಂಡಿದ್ರೆ ಮನೆ ನಡೆಸೋರ್ ಯಾರು? ಅವನು ಹುಡುಗ, ತಡ್ಕೊತಾನೆ.”

“ಅವನು ತಡ್ಕೊಂಡ. ನಾನ್ ತಡ್ಕೊಬೇಕಲ್ಲ. ಮುನಿಶಾಮಕ್ಕ ನನ್ ಮಗನ ಹೆಸರು ಹೇಳಿ ದಿನಾ ಮಣ್ಣು ತೂರ್ತಾಳೆ. ಈಗ್ಲೇ ಎದ್ದು ಬಾ, ಅವಳ ಮುಂದೆ ನಿಂತು ಹೇಳು. ಕಂಪನಿಗ್ ಹೇಳ್ಬೇಡ, ಕಾಂತರಾಜ್‌ಗೆ ಹೇಳ್ಬೇಡ. ಅವಳೊಬ್ಬಳಿಗೆ ಹೇಳು ಸಾಕು.”

“ಹೇಳ್ತೀನಿ. ಈ ನಾಟಕ ಒಂದು ಮುಗೀಲಿ. ಸಾಹೇಬರ ಮುಂದೆ ಚೆನ್ನಾಗಾದ್ರೆ ನನ್ನ ಪರ್ಮನೆಂಟ್ ಮಾಡ್ತೀನಿ ಅಂದವ್ರೆ ಕಾಂತರಾಜ್. ಆಮೇಲೆ ನಂದೀಶನ್ನೂ ವಾಪಸ್ ಸೇರಿಸ್ಬೋದು.”

ನಾಟಕ ಮುಗಿದ ಮೇಲೆ ಪರ್ಮನೆಂಟ್ ಆಗಲಿ ಎನ್ನುತ್ತಾನೆ, ಪರ್ಮನೆಂಟ್ ಆದ ಮೇಲೆ ಇನ್ನೊಂದು ಎನ್ನುತ್ತಾನೆ. ಇಷ್ಟು ವರ್ಷ ಬಾಳ್ವೆ ಮಾಡಿದವಳಿಗೆ ಅಷ್ಟೂ ತಿಳಿಯದೇ? ತಾನೇ ಹೋಗಿ ಮುನಿಶಾಮಮ್ಮನಿಗೆ ಹೇಳಿಬಿಡಲೇ ಎಂದೂ ಒಮ್ಮೆ ಅನ್ನಿಸಿತು. ಹೇಳಿದರೆ ಏನಾದೀತು? ಹೆತ್ತವಳು ಮಗನನ್ನು ಕಾಪಾಡಲು ಸುಳ್ಳು ಹೇಳುತ್ತಿದ್ದಾಳೆ ಎನ್ನುತ್ತಾಳೆ. ಅಪ್ಪ ಆಡಿದ ಮಾತನ್ನು ಅಪ್ಪನೇ ತೆಗೆಯಬೇಕು. ಗಂಗಾಲಕ್ಷ್ಮಿ ಅವನಿಗೆ ತಟ್ಟೆಯಿಟ್ಟು, ಮುದ್ದೆ ಹಾಕಿ, ಸಾರು ಬಡಿಸಿ, ಹೊರಗೆ ಹೋಗಿ ಹಸುವಿನ ಪಕ್ಕದಲ್ಲಿ ಕೂತಳು. ಮಾರನೆಯ ಬೆಳಿಗ್ಗೆಯಿಂದ ಕದಿರೇಶ ಅಭ್ಯಾಸವನ್ನು ಕೊಟ್ಟಿಗೆಯಿಂದ ಪಂಪ್‌ಹೌಸಿನ ಹಿಂದಕ್ಕೆ ಸಾಗಿಸಿದ.

ಯಾವ ನಾಟಕವಾದರೂ ಹೊರಗೆ ಹೋಗುವ ಮುಂಚೆ ಒಮ್ಮೆ ಊರ ಮುಂದೆ ಆಡಿ ಸೈ ಅನ್ನಿಸಿಕೊಳ್ಳಬೇಕು ಎಂಬುದು ಹೋಳೂರಿನ ವಾಡಿಕೆ. ಭಾನುವಾರ ಶಾಲೆಯ ಮೈದಾನದಲ್ಲಿ ಸ್ಟೇಜು ಕಟ್ಟಿದರು. ಬೆಳತನಕ ಆಡುವ ಜನ ಈ ಸಲ ಹೊತ್ತು ಮುಳುಗುವ ಮೊದಲೇ ಪರದೆ ಎತ್ತಿದರು, ಯಾಕೆಂದರೆ ಕಾಂತರಾಜ್ ಬಂದು ನೋಡಿ ಬೇಗ ವಾಪಸಾಗಬೇಕಿತ್ತು. ಅವನಿಗೆಂದು ಪಂಚಾಯ್ತಿ ಆಫೀಸಿನ ಸೋಫಾವನ್ನೇ ಹೊತ್ತು ತಂದಿದ್ದರು. ಕೊರಳಿಗೆ ಹಾರ, ಕೈಯಲ್ಲಿ ಎಳನೀರು. ಅವನ ಹಿಂದೆ ಗಂಡಸರು, ಎಡಗಡೆ ಚಾಪೆಯ ಮೇಲೆ ಹೆಂಗಸರು. ಮುನಿಶಾಮಮ್ಮ ಗಂಗಾಲಕ್ಷ್ಮಿಯನ್ನು ಕಂಡು ಚಾಪೆಯ ಆ ತುದಿಗೆ ಹೋಗಿ ಕೂತಳು. ರಾಮು ಗಂಡಸರ ಸಾಲಿನ ಕಡೆಯಲ್ಲಿ ಕಂಬಕ್ಕೊರಗಿ ನಿಂತಿದ್ದ. ಫ್ಯಾಕ್ಟರಿಯ ಗೇಟಿನಲ್ಲಿ ಕೂರುವ ಕೆಲಸ ಕೊಟ್ಟಿದ್ದರು ಅವನಿಗೆ. ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಳ್ಳುವುದು ಅಭ್ಯಾಸವಾಗಿತ್ತು.

ನಾಟಕ ಚೆನ್ನಾಗಿಯೇ ಹೋಯಿತು. ಒತ್ತೆಯಾಳಾದ ಬಾಲಕನಿಗೆ ಹೆಂಗಸರು ಕಣ್ಣೊರೆಸಿಕೊಂಡರು. ಯುದ್ಧದಲ್ಲಿ ಕತ್ತಿ ಮುರಿದು, ಮುರಿದ ತುಂಡು ಕಾಂತರಾಜನ ಕಾಲ ಬಳಿ ಬಿದ್ದಾಗ ನಗು ಎದ್ದಿತು. ಹೆಂಡತಿ ಸತ್ತ ಸುದ್ದಿಯನ್ನು ಸೈನಿಕನೊಬ್ಬ ಒಂದೇ ಉಸಿರಿನಲ್ಲಿ ಹೇಳಿ ಓಡಿಹೋದ. ಆಮೇಲೆ ಬಲವಾದ ದೊರೆಯ ದೂತನಾಗಿ ಚನ್ನರಾಯಪ್ಪ ಬಂದ. ಟೊಮೇಟೊ ಮಂಡಿಯಲ್ಲಿ ಹರಾಜು ಕೂಗುವ ಚನ್ನರಾಯಪ್ಪನ ಬಾಯಲ್ಲಿ ರಾಜಾಜ್ಞೆಗೂ ಹರಾಜಿನ ರಾಗವೇ ಬಂತು.

“ಹೇ ಇಯೆಯಾಸು, ನಮ್ಮ ಪ್ರಭುಗಳು ಕೇಳುತ್ತಿದ್ದಾರೆ. ಈ ದ್ರೋಹ ಯಾರದು? ನಿನ್ನದೋ, ನಿನ್ನ ಮಗನದೋ?”

ಕದಿರೇಶ ಸಿಂಹಾಸನದಿಂದ ಎದ್ದ. ಮುಖದ ತುಂಬ ಗುಲಾಬಿ ಬಣ್ಣ, ತಲೆಯ ಮೇಲೆ ದುರ್ಯೋಧನನ ಕಿರೀಟ, ಮೈಮೇಲೆ ಗಂಗಾಲಕ್ಷ್ಮಿಯ ಸೀರೆ. ಹೌದು, ಅವಳದೇ ಸೀರೆ. ಮದುವೆಯ ಧಾರೆಗೆ ಉಟ್ಟದ್ದು. ಅವನು ಒಂದು ಹೆಜ್ಜೆ ಮುಂದಿಟ್ಟು, ಕೈಯನ್ನು ಎದೆಯ ಮೇಲಿಟ್ಟ.

“ತಪ್ಪು ನನ್ನ ಮಗನದೇ. ಶಿಕ್ಷೆಗೆ ನನ್ನ ಒಪ್ಪಿಗೆಯಿದೆ.”

ಕೊಂಡಪ್ಪ ಮಾಸ್ಟ್ರು ಹಾರ್ಮೋನಿಯಂ ಒತ್ತಿ ಪದ್ಯಕ್ಕೆ ಶ್ರುತಿ ಕೊಟ್ಟರು. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಧ್ವನಿ ಬಂತು.

“ಒನ್ಸ್ ಮೋರ್.”

ಹೆಂಗಸೊಬ್ಬಳು ಒನ್ಸ್ ಮೋರ್ ಎಂದದ್ದನ್ನು ಹೋಳೂರು ಈವರೆಗೆ ಕಂಡಿರಲಿಲ್ಲ. ಜನ ಕೊರಳು ಹೊರಳಿಸಿದರು. ಗಂಡಸರು ನಕ್ಕರು, ಚಪ್ಪಾಳೆ ತಟ್ಟಿದರು. ಒನ್ಸ್ ಮೋರ್ ಹಿಂದೆ ಬರಬೇಕಾದ ಸಿಳ್ಳೆ ಬರಲಿಲ್ಲ. ಅಷ್ಟರಲ್ಲಿ ಕತ್ತಲಾಗಿ, ಸ್ಟೇಜಿನ ದೀಪ ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಕದಿರೇಶನಿಗೆ ಯಾರೆಂದು ಕಾಣಲಿಲ್ಲ. ಅವನು ಮುಖವರಳಿಸಿ, ಎರಡೂ ಕೈ ಜೋಡಿಸಿ ಜನಕ್ಕೆ ನಮಸ್ಕಾರ ಮಾಡಿದ. ಚನ್ನರಾಯಪ್ಪ ಮತ್ತೆ ಪ್ರಶ್ನೆ ಕೇಳಿದ. ಈ ಸಲ ಕದಿರೇಶ ‘ಮಗನದೇ’ ಎಂಬುದನ್ನು ಎಳೆದು, ನಡುಗಿಸಿ, ಮೊದಲಿಗಿಂತ ಎರಡರಷ್ಟು ಚೆನ್ನಾಗಿ ಹೇಳಿದ. ಕಾಂತರಾಜ್ ಎಳನೀರು ಕೆಳಗಿಟ್ಟು ಚಪ್ಪಾಳೆ ತಟ್ಟಿದ.

“ಒನ್ಸ್ ಮೋರ್.”

ಈಗ ಗಂಗಾಲಕ್ಷ್ಮಿ ಎದ್ದು ನಿಂತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಾಲು ಕರೆಯಲು ಹೊರಟವಳ ಹಾಗೆ ನೆಟ್ಟಗೆ ನಿಂತಿದ್ದಳು. ಕದಿರೇಶ ಅವಳನ್ನು ನೋಡಿದ. ಬಣ್ಣದ ಕೆಳಗೆ ಅವನ ಮುಖ ಏನಾಯಿತೋ ಯಾರಿಗೂ ಕಾಣುವಂತಿರಲಿಲ್ಲ. ಕೈ ಮಾತ್ರ ಎದೆಯ ಮೇಲಿಂದ ಜಾರಿತು. ಜೋಡಿಸಿ ನಮಸ್ಕಾರ ಮಾಡುವುದನ್ನು ಮರೆತ. ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ಹೇಳಿದ. ರಾಗವಿಲ್ಲದೆ, ಬೇಗ ಬೇಗ, ಎನ್‌ಕ್ವಯರಿ ರೂಮಿನಲ್ಲಿ ಹೇಗೆ ಹೇಳಿದ್ದನೋ ಹಾಗೆ.

“ಒನ್ಸ್ ಮೋರ್,” ಎಂದಳು ಗಂಗಾಲಕ್ಷ್ಮಿ. “ಪದ್ಯ ಬೇಡ. ಆ ಮಾತು ಒಂದೇ ಸಾಕು. ಅವತ್ತು ಆಫೀಸ್ ರೂಮಲ್ಲಿ ಎದ್ದು ನಿಂತು ಹೇಳಿದ್ಯಲ್ಲ, ಅಂಗೇ ಹೇಳು. ಇಲ್ಲಿ ರಾಮು ಅವ್ನೆ, ಅವರಮ್ಮ ಅವಳೆ. ಅವರಿಗೂ ಕೇಳ್ಲಿ.”

ಚಪ್ಪಾಳೆ ನಿಂತಿತು. ಇದು ನಾಟಕದ ಮಾತಲ್ಲ ಎಂದು ಮೊದಲು ಹೆಂಗಸರಿಗೆ ತಿಳಿಯಿತು, ಆಮೇಲೆ ಗಂಡಸರಿಗೆ. ಎಲ್ಲರಿಗಿಂತ ಕೊನೆಗೆ ತಿಳಿದದ್ದು ಕೊಂಡಪ್ಪ ಮಾಸ್ಟ್ರಿಗೆ. ಕಿವಿ ಮಂದವಾಗಿದ್ದ ಅವರಿಗೆ ಒನ್ಸ್ ಮೋರ್ ಒಂದೇ ಕೇಳಿಸಿತ್ತು. ಹಾರ್ಮೋನಿಯಂ ತಿದಿ ಬಿಡದೆ, “ಚೆಪ್ಪಯ್ಯಾ, ಹೇಳು. ಮೂರನೇ ಒನ್ಸ್ ಮೋರ್. ನಿನ್ ಪುಣ್ಯ,” ಎಂದು ಪಕ್ಕದಿಂದ ಹುರಿದುಂಬಿಸಿದರು. ಕಾಂತರಾಜ್ ಮಾತ್ರ ಹಿಂದಕ್ಕೆ ತಿರುಗಿ, “ಏನಿದು? ನೆಕ್ಸ್ಟ್ ಸೀನ್ ಹೋಗಿ,” ಎಂದ. ಯಾರೂ ಹೋಗಲಿಲ್ಲ.

ಮುನಿಶಾಮಮ್ಮ ಚಾಪೆಯ ಆ ತುದಿಯಿಂದ ಎದ್ದು ಬಂದಳು. ತಿಂಗಳುಗಟ್ಟಲೆ ಇವಳತ್ತ ನೋಡದಿದ್ದವಳು ಈಗ ಎದುರಿಗೇ ನಿಂತು ನೋಡಿದಳು.

“ಯಾವ ರೂಮು ಗಂಗಮ್ಮ? ಯಾವ ಮಾತು?”

“ಅವನನ್ನೇ ಕೇಳಕ್ಕ.”

ಮುನಿಶಾಮಮ್ಮ ಸ್ಟೇಜಿನ ಕಡೆಗೆ ತಿರುಗಿದಳು. “ಲೇ ಕದಿರೇಶ, ಹೇಳೋ. ಅವಳು ಕೇಳ್ತಾವ್ಳೆ.”

ಕದಿರೇಶ ಬಾಯಿ ತೆರೆದ. “ತಪ್ಪು” ಎಂದ. ಮುಂದಕ್ಕೆ ಬರಲಿಲ್ಲ. ಕಾಂತರಾಜನನ್ನು ನೋಡಿದ, ಹುಡುಗರ ಸಾಲನ್ನು ನೋಡಿದ. ಇಪ್ಪತ್ತು ಮನೆಯ ಹುಡುಗರಲ್ಲಿ ಒಬ್ಬನೂ ಅವನತ್ತ ನೋಡುತ್ತಿರಲಿಲ್ಲ. ಎಲ್ಲರೂ ಕಂಬಕ್ಕೊರಗಿದ್ದ ರಾಮುವನ್ನು ನೋಡುತ್ತಿದ್ದರು. ರಾಮು ಜೇಬಿನಿಂದ ಕೈ ಹೊರಗೆ ತೆಗೆದಿದ್ದ. ಹಾರ್ಮೋನಿಯಂ ಒಂದೇ ಸ್ವರ ಹಿಡಿದು ಎಳೆಯುತ್ತಲೇ ಇತ್ತು.

ಕದಿರೇಶ ಕಿರೀಟ ತೆಗೆದು ಸಿಂಹಾಸನದ ಮೇಲಿಟ್ಟ. ಸ್ಟೇಜಿನ ಅಂಚಿಗೆ ಬಂದು, ಅಲ್ಲೇ ಹಲಗೆಯ ಮೇಲೆ ಕುಸಿದು ಕೂತ.

“ಆಗಲ್ಲ ಅಕ್ಕ,” ಎಂದ ಮುನಿಶಾಮಮ್ಮನಿಗೆ. “ಅದು ಸುಳ್ಳು. ನಂದೀಶ ಟೇಪ್ ಅಂಟ್ಸಿಲ್ಲ. ಅಂಟ್ಸಿದ್ದು ನಾನು. ಅಂಟ್ಸು ಅಂತ ಹೇಳಿದ್ದು...”

ಅವನು ಸೋಫಾದ ಕಡೆ ನೋಡಿದ. ಜನರೂ ಆ ಕಡೆ ತಿರುಗಿದರು. ಹಾರ ಸೋಫಾದ ಮೇಲಿತ್ತು. ಕಾಂತರಾಜ್ ಕಿವಿಗೆ ಫೋನಿಟ್ಟುಕೊಂಡು, ಯಾರೊಂದಿಗೋ ಬಲು ಜರೂರಾಗಿ ಮಾತಾಡುತ್ತ ಕಾರಿನತ್ತ ನಡೆಯುತ್ತಿದ್ದ. ಹುಡುಗರು ದಾರಿ ಬಿಡಲಿಲ್ಲ. ಹೊಡೆಯಲೂ ಇಲ್ಲ, ಬಯ್ಯಲೂ ಇಲ್ಲ, ಸುಮ್ಮನೆ ಕದಲದೆ ನಿಂತರು. ಅವನು ಒಬ್ಬೊಬ್ಬರನ್ನೂ ಸುತ್ತಿಕೊಂಡು ಹೋಗಬೇಕಾಯಿತು.

ಬೆಳಿಗ್ಗೆ ಕಂಪನಿ ಬಸ್ಸು ಅರಳಿಕಟ್ಟೆಯ ಹತ್ತಿರ ಬಂದು ಹಾರ್ನ್ ಮಾಡಿತು. ಮತ್ತೆ ಮತ್ತೆ ಮಾಡಿತು. ಹುಡುಗರು ಕಟ್ಟೆಯ ಮೇಲೆ ಟಿಫನ್ ಡಬ್ಬಿಗಳನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದರೇ ಹೊರತು ಒಬ್ಬನೂ ಏಳಲಿಲ್ಲ. ನಾಳೆ ಏನೋ, ಯಾರಿಗೆ ಗೊತ್ತು. ಇವತ್ತು ಬಸ್ಸು ಖಾಲಿಯಾಗಿ ಮಾಲೂರಿನ ಕಡೆ ತಿರುಗಿತು.

ಕದಿರೇಶ ಜಗಲಿಯ ಮೇಲೆ ಕೂತು ಅದು ಹೋಗುವ ಸದ್ದನ್ನು ಕೇಳಿದ. ರಾತ್ರಿ ಅವನು ಮುಖವನ್ನೂ ತೊಳೆದಿರಲಿಲ್ಲ. ಗಂಗಾಲಕ್ಷ್ಮಿ ಕೊಬ್ಬರಿ ಎಣ್ಣೆಯ ಬಾಟಲಿಯನ್ನೂ ಹಳೇ ಬಟ್ಟೆಯನ್ನೂ ತಂದು ಅವನ ಪಕ್ಕದಲ್ಲಿ ಕುಕ್ಕಿದಳು. ಕೊಟ್ಟಳೆನ್ನುವ ಹಾಗಿರಲಿಲ್ಲ ಅದು.

“ಗಂಗಾ, ಮಾಲೂರಿಗೆ ನಾನೇ ಹೋಗಿ ಕರ್ಕೊಂಡು ಬರ್ಲಾ?” ಎಂದ.

ಅವಳು ಬಕೆಟ್ಟು ಎತ್ತಿಕೊಂಡು ಕೊಟ್ಟಿಗೆಗೆ ನಡೆದಳು. ಕ್ಷಮಿಸಿದೆ ಎನ್ನಲು ಅವಳಿಗೆ ಇಷ್ಟವಿರಲಿಲ್ಲ. ನಿನ್ನೆ ಅಷ್ಟು ಜನರ ಮುಂದೆ ಒಪ್ಪಿಕೊಂಡ, ನಿಜ. ಮೂರು ಸಲ ಕೇಳಿಸಿಕೊಂಡ ಮೇಲೆ ಒಪ್ಪಿಕೊಂಡ. ಕೇಳದೆ ಹೋಗಿದ್ದರೆ ಪದ್ಯ ಹಾಡಿ, ಹಾರ ಹಾಕಿಸಿಕೊಂಡು ಮನೆಗೆ ಬಂದು ಮುದ್ದೆ ತಿನ್ನುತ್ತಿದ್ದ. ಅದನ್ನು ಅವಳು ಹೇಗೆ ಮರೆಯಬೇಕು.

ಕೊಟ್ಟಿಗೆಯಿಂದ ಹಾಲು ತರುವಷ್ಟರಲ್ಲಿ ಬಾಗಿಲಲ್ಲಿ ಮುನಿಶಾಮಮ್ಮ ನಿಂತಿದ್ದಳು. ಕೈಯಲ್ಲಿ ಹಿತ್ತಾಳೆ ಚೊಂಬು. ಆ ಚೊಂಬನ್ನು ಹುಣಸೆಹಣ್ಣು ಹಚ್ಚಿ ಬೆಳಗಿದ್ದಳು.

ಗಂಗಾಲಕ್ಷ್ಮಿ ಪಾವಿನಲ್ಲಿ ಅಳೆದು ಹೊಯ್ದಳು, ಮೇಲೊಂದಿಷ್ಟು ಕೊಸರು ಹಾಕಿದಳು. ಚೊಂಬು ತುಂಬಿದರೂ ಮುನಿಶಾಮಮ್ಮ ಹೋಗಲಿಲ್ಲ. ಕದಿರೇಶನಿಗೆ ಬೆನ್ನು ಮಾಡಿ ಜಗಲಿಯ ಇನ್ನೊಂದು ತುದಿಯಲ್ಲಿ ಕೂತಳು.

“ನಂದೀಶ ಏನ್ ಊಟ ಮಾಡ್ತಾವ್ನೋ ಅಲ್ಲಿ,” ಎಂದಳು.

“ಬಾ ಅಕ್ಕ, ಒಟ್ಟಿಗೇ ಹೋಗಿ ಬರೋಣ.”

“ರಾಮೂನೂ ಬರ್ತೀನಿ ಅಂದವ್ನೆ.”

ಇಬ್ಬರೂ ಕೋಲಾರದ ಬಸ್ಸಿಗೆಂದು ಎದ್ದರು. ಕದಿರೇಶ ಬಟ್ಟೆಗೆ ಎಣ್ಣೆ ಹಾಕಿಕೊಂಡು ಮುಖವನ್ನು ತಿಕ್ಕಿ ತಿಕ್ಕಿ ಒರೆಸಿಕೊಳ್ಳುತ್ತಿದ್ದ. ಹಣೆ, ಕೆನ್ನೆ, ಗಲ್ಲದ ಬಣ್ಣವೆಲ್ಲ ಹೋಗಿತ್ತು. ಎಡಗಿವಿಯ ಹಿಂದೆ ಮಾತ್ರ ಒಂದು ಗುಲಾಬಿ ಪಟ್ಟೆ ಹಾಗೇ ಉಳಿದಿತ್ತು. ಮೆಟ್ಟಿಲಿಳಿಯುವಾಗ ಗಂಗಾಲಕ್ಷ್ಮಿಗೆ ಅದು ಕಂಡಿತು. ಹೇಳಲಿಲ್ಲ.